ಚಕ್ ಕಾನರ್ಸ್: ಬೇಸ್‌ಬಾಲ್‌ನಲ್ಲಿ ಸೋತು ಸಿನಿಮಾಕ್ಕೆ ಬಂದವನೆ?

ಫಸ್ಟ್‌ಬೇಸ್ ಶಿವಮೊಗ್ಗ

ಹಳೆಯ ವೆಸ್ಟರ್ನ್ (ಅಮೆರಿಕದ ಕೌಬಾಯ್ ಕತೆಯ) ಧಾರಾವಾಹಿಗಳ ಮಾತು ಬಂದಾಗಲೆಲ್ಲ "ದ ರೈಫಲ್‌ಮ್ಯಾನ್" ಖ್ಯಾತಿಯ ನಟ ಚಕ್ ಕಾನರ್ಸ್ ಬಗ್ಗೆ ಒಂದೇ ಮಾತು ಕೇಳಿಬರುತ್ತದೆ: ಆಟದಲ್ಲಿ ಕೈ ಹತ್ತಲಿಲ್ಲ, ಎತ್ತರ ಇತ್ತು, ನಟನಾದ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೇಸ್‌ಬಾಲ್ ಗೊತ್ತಿರುವವರು, ಗೊತ್ತಿಲ್ಲದವರು, ಎಲ್ಲರೂ ಮಾತಾಡಿ.

ಹುಟ್ಟಿದ್ದು 1921ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಅಮ್ಮ ನ್ಯೂಫೌಂಡ್‌ಲ್ಯಾಂಡ್‌ನಿಂದ ಬಂದವರು. ಮನೆ ಹತ್ತಿರದ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಆಡಬೇಕು ಅನ್ನುವುದೇ ಹುಡುಗನ ಕನಸು. ಆ ಕನಸು ಈಡೇರಿತು, ಆದರೆ ಒಂದೇ ಒಂದು ಸಲ. 1949ರ ಮೇ 1ರಂದು ಫಿಲಡೆಲ್ಫಿಯಾ ಫಿಲೀಸ್ ವಿರುದ್ಧ ಬೇರೆಯವರ ಬದಲಿಗೆ ಬ್ಯಾಟ್ ಹಿಡಿದು ಹೋದ. ಚೆಂಡು ನೆಲಕ್ಕೆ ಬಿದ್ದು ಉರುಳಿತು, ಎದುರಾಳಿಗಳು ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡಿದರು. ಡಾಡ್ಜರ್ಸ್ ಪರ ಆತನ ಇಡೀ ವೃತ್ತಿಜೀವನ ಅಷ್ಟೇ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ "ಸೋತವ" ಅನ್ನಿಸುತ್ತದೆ. ಆದರೆ ಅದೇ 1949ರಲ್ಲಿ ಡಾಡ್ಜರ್ಸ್‌ನ ಕೆಳಹಂತದ (ಮೈನರ್ ಲೀಗ್) ತಂಡ ಮಾಂಟ್ರಿಯಲ್ ರಾಯಲ್ಸ್‌ನಲ್ಲಿ ಆತನ ಸರಾಸರಿ .319 (ನೂರು ಸಲಕ್ಕೆ ಸುಮಾರು 32 ಹಿಟ್), ಹೋಂ ರನ್ (ಚೆಂಡು ಮೈದಾನದ ಆಚೆ ಬೀಳುವ ಹೊಡೆತ) 20, ತಂಡಕ್ಕೆ ತಂದುಕೊಟ್ಟ ರನ್ 108. ಇಂಥ ಲೆಕ್ಕ ಇದ್ದವನು ಮೇಲಕ್ಕೆ ಹೋಗಲಾಗದ್ದಕ್ಕೆ ಕಾರಣ ಗಿಲ್ ಹಾಜಸ್. ಬ್ರೂಕ್ಲಿನ್‌ನ ಫಸ್ಟ್ ಬೇಸ್‌ನಲ್ಲಿ (ಓಟದ ಮೊದಲ ಠಾಣೆ ಕಾಯುವ ಜಾಗ) ಆಗಲೇ ನಿಂತಿದ್ದ ಹಾಜಸ್ ಮುಂದೆ 370 ಹೋಂ ರನ್ ಹೊಡೆದು, 2022ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದವರು. ಫಸ್ಟ್ ಬೇಸ್‌ಗೆ ಒಬ್ಬನೇ ಬೇಕು. ಹಾಜಸ್‌ಗೆ ಗಾಯವಾಗಲಿ ಅಂತ ಕಾಯುವುದು ಬಿಟ್ಟರೆ ಕಾನರ್ಸ್‌ಗೆ ಬೇರೆ ದಾರಿ ಇರಲಿಲ್ಲ.

ನನ್ನ ವಾದ ಇದು. ಆತನನ್ನು ಸಿನಿಮಾಕ್ಕೆ ತಂದದ್ದು ಸೋಲಲ್ಲ. ಆಟಗಾರರನ್ನು ಸರಕಿನಂತೆ ಊರಿಂದೂರಿಗೆ ಕಳಿಸುತ್ತಿದ್ದ ವ್ಯವಸ್ಥೆ, ಅದು ಕೊನೆಗೆ ಆತನನ್ನು ಇಳಿಸಿದ ಊರು ಲಾಸ್ ಏಂಜಲೀಸ್.

ಧಾರವಾಡದಾಂವ

ಛಲೋ ವಿಷಯ ತಗದೀರಿ. ನನಗ ಕ್ರಿಕೆಟ್ ಬಿಟ್ರ ಬ್ಯಾರೆ ಆಟ ಅಷ್ಟು ತಿಳಿಯಂಗಿಲ್ಲ, ಅದಕ್ಕ ಎರಡು ಮಾತು ಕೇಳ್ತೀನ್ರಿ. ಮೈನರ್ ಲೀಗ್ ಅಂದ್ರ ನಮ್ಮ ರಣಜಿ ಇದ್ದಂಗ ಏನು? ಮತ್ತ ಹಾಜಸ್ ಅನ್ನಾಂವ ಜಾಗ ಬಿಡಂಗಿಲ್ಲ ಅಂದ್ರ, ಇಂವ ಬ್ಯಾರೆ ತಂಡಕ್ಕ ಹೋಗಬೌದಾಗಿತ್ತಲ್ಲ? ಅಷ್ಟು ದೊಡ್ಡ ದೇಶದಾಗ ಇನ್ನೊಂದು ಜಾಗ ಸಿಗಲಿಲ್ಲೇನು?

ಫಸ್ಟ್‌ಬೇಸ್ ಶಿವಮೊಗ್ಗ

@ಧಾರವಾಡದಾಂವ, ಎರಡನೇ ಪ್ರಶ್ನೆಯಲ್ಲೇ ಎಲ್ಲ ಇದೆ.

ರಣಜಿ ತಂಡ ಕರ್ನಾಟಕದ್ದು, ಮುಂಬೈದು. ಅದಕ್ಕೆ ತನ್ನದೇ ಗೌರವ, ತನ್ನದೇ ಟ್ರೋಫಿ. ಬೇಸ್‌ಬಾಲ್‌ನ ಮೈನರ್ ಲೀಗ್ ತಂಡಗಳಲ್ಲಿ ಹೆಚ್ಚಿನವು ಮೇಲಿನ ಒಂದು ದೊಡ್ಡ ತಂಡದ ಸ್ವತ್ತು, ಇಲ್ಲವೇ ಅದರ ಜತೆ ಒಪ್ಪಂದದಲ್ಲಿ ಇದ್ದವು. ಬ್ರಾಂಚ್ ರಿಕಿ ಎಂಬ ವ್ಯವಸ್ಥಾಪಕ ಈ ಪದ್ಧತಿಯನ್ನು ಬೆಳೆಸಿದವರು, ಆ ಹೊತ್ತಿಗೆ ಡಾಡ್ಜರ್ಸ್‌ನಲ್ಲೇ ಇದ್ದರು. ನೂರಾರು ಹುಡುಗರನ್ನು ಕಡಿಮೆ ಸಂಬಳಕ್ಕೆ ಸೇರಿಸಿಕೊಂಡು, ಹಂತ ಹಂತವಾಗಿ ಸೋಸುವುದು. ಮೇಲೆ ಜಾಗ ಖಾಲಿಯಾದರೆ ಒಬ್ಬನನ್ನು ಕರೆಯುವುದು.

ಬೇರೆ ತಂಡಕ್ಕೆ ಹೋಗುವ ಹಕ್ಕು ಆಟಗಾರನಿಗೆ ಇರಲೇ ಇಲ್ಲ. ಕರಾರಿನಲ್ಲಿ ರಿಸರ್ವ್ ಕ್ಲಾಜ್ ಎಂಬ ಒಂದು ಷರತ್ತು. ಅವಧಿ ಮುಗಿದ ಮೇಲೆ ಇನ್ನೊಂದು ವರ್ಷಕ್ಕೆ ಆಟಗಾರನನ್ನು ಉಳಿಸಿಕೊಳ್ಳುವ ಅಧಿಕಾರ ತಂಡಕ್ಕೆ. ಆ ಒಂದು ವರ್ಷ ಮುಗಿದರೆ ಮತ್ತೊಂದು ವರ್ಷ, ಅದು ಮುಗಿದರೆ ಇನ್ನೊಂದು. ಮಾಲೀಕರು ಅದನ್ನು ಆಜೀವ ಅಂತಲೇ ಓದಿದರು. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬೇಸ್‌ಬಾಲ್‌ಗೆ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸುವುದಿಲ್ಲ ಅಂದಿತು, 1953ರಲ್ಲಿ ಅದನ್ನೇ ಎತ್ತಿಹಿಡಿಯಿತು. ತಂಡ ಮಾರಿದರೆ ಮಾರಿದ ಕಡೆ ಹೋಗಬೇಕು, ಇರು ಅಂದರೆ ಇರಬೇಕು. ಆಟಗಾರನ ಕೈಯಲ್ಲಿ ಇದ್ದದ್ದು ಆಟ ಬಿಡುವ ಸ್ವಾತಂತ್ರ್ಯ ಮಾತ್ರ.

ಜಾಗಗಳೂ ಎಷ್ಟು ಅಂತೀರಿ? ಆಗ ಇಡೀ ಮೇಜರ್ ಲೀಗ್‌ನಲ್ಲಿ, ಅಂದರೆ ಬೇಸ್‌ಬಾಲ್‌ನ ಅತ್ಯುನ್ನತ ಹಂತದಲ್ಲಿ, 16 ತಂಡ. ಅಂದರೆ ಖಾಯಂ ಫಸ್ಟ್ ಬೇಸ್ ಕೆಲಸ 16.

ಹಳೇ ಪರದೆ

ಶಿವಮೊಗ್ಗದವರೇ, ವ್ಯವಸ್ಥೆಯ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ವಾದ ಪೂರ್ತಿಯಾಗಬೇಕಾದರೆ 1951ನ್ನೂ ಹೇಳಬೇಕು. 1950ರ ಅಕ್ಟೋಬರ್‌ನಲ್ಲಿ ಡಾಡ್ಜರ್ಸ್ ಆತನನ್ನು ಶಿಕಾಗೊ ಕಬ್ಸ್‌ಗೆ ಕೊಟ್ಟಿತು. ಅಲ್ಲಿ ಹಾಜಸ್ ಇರಲಿಲ್ಲ. 66 ಪಂದ್ಯ ಆಡಲು ಸಿಕ್ಕಿತು. ಸರಾಸರಿ .239, ಎರಡೇ ಹೋಂ ರನ್. ಅಂದರೆ ನೂರು ಸಲ ಬ್ಯಾಟ್ ಹಿಡಿದರೆ 24 ಸಲ ಹಿಟ್. ಫಸ್ಟ್ ಬೇಸ್ ಆಡುವವನಿಂದ ತಂಡ ಬಯಸುವುದು ದೊಡ್ಡ ಹೊಡೆತಗಳನ್ನು, ಅಲ್ಲಿ ಅದು ಬರಲಿಲ್ಲ. ಮಾಂಟ್ರಿಯಲ್ ಹಂತಕ್ಕೂ ಮೇಜರ್ ಲೀಗ್‌ಗೂ ಇರುವ ಅಂತರವನ್ನು ಆತ ದಾಟಲಿಲ್ಲ, ಇದು ವಸ್ತುಸ್ಥಿತಿ. ಇದನ್ನು ಒಪ್ಪಿಕೊಂಡರೆ ಆತನ ಮೇಲಿನ ಗೌರವವೇನೂ ಕಮ್ಮಿಯಾಗುವುದಿಲ್ಲ.

ಲತಾ, ನ್ಯೂಜೆರ್ಸಿ

ಆತ ಓದಿದ ಸೀಟನ್ ಹಾಲ್ ಇರುವುದು ನಮ್ಮ ರಾಜ್ಯದ ಸೌತ್ ಆರೆಂಜ್‌ನಲ್ಲಿ. ಹಾಗಾಗಿ ಈ ಮನುಷ್ಯನ ಮೇಲೆ ನನಗೆ ಒಂದು ಅಭಿಮಾನ. ನಿಜವಾದ ಹೆಸರು ಕೆವಿನ್. ಫಸ್ಟ್ ಬೇಸ್‌ನಲ್ಲಿ ನಿಂತು "ಚೆಂಡು ಎಸಿ, ನನ್ನ ಕಡೆ ಎಸಿ" ಅನ್ನುವುದಕ್ಕೆ "ಚಕ್ ಇಟ್" ಅಂತ ಕೂಗುತ್ತಲೇ ಇರುತ್ತಿದ್ದನಂತೆ, ಅದೇ ಹೆಸರಾಯಿತು.

ಬಾಸ್ಕೆಟ್‌ಬಾಲ್ ಭಾಗವನ್ನು ಯಾರೂ ಹೇಳಲಿಲ್ಲವಲ್ಲ! ಯುದ್ಧಕಾಲದಲ್ಲಿ ಸೇನೆಯಲ್ಲಿ ಟ್ಯಾಂಕ್ ತರಬೇತಿ ಕೊಡುತ್ತಿದ್ದ, ಬಿಡುಗಡೆಯಾದ ಮೇಲೆ ಆಗಷ್ಟೇ ಶುರುವಾಗಿದ್ದ ಬಾಸ್ಟನ್ ಸೆಲ್ಟಿಕ್ಸ್ ಸೇರಿದ. 1946ರ ನವೆಂಬರ್ 5, ಬಾಸ್ಟನ್ ಅರೇನಾದಲ್ಲಿ ಸೆಲ್ಟಿಕ್ಸ್‌ನ ಮೊಟ್ಟಮೊದಲ ತವರು ಪಂದ್ಯ. ಪಂದ್ಯಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವಾಗ ಕಾನರ್ಸ್ ದೂರದಿಂದ ಒಂದು ಶಾಟ್ ಹಾಕಿದ. ಚೆಂಡು ಉಂಗುರದ ಮುಂಭಾಗಕ್ಕೆ ಬಡಿದದ್ದೇ ತಡ, ಹಿಂದಿನ ಗಾಜಿನ ಹಲಗೆ ಪುಡಿಪುಡಿ. ಜಿಗಿದು ನೇತಾಡಿದ್ದರಿಂದ ಒಡೆಯಿತು ಅಂತ ಕೆಲವರು ಬರೆಯುತ್ತಾರೆ, ಹಾಗಲ್ಲ. ಉಂಗುರಕ್ಕೂ ಗಾಜಿಗೂ ನಡುವೆ ಇರಬೇಕಾದ ರಬ್ಬರ್ ತುಂಡನ್ನು ಕೂರಿಸಿರಲಿಲ್ಲ, ಪೆಟ್ಟು ನೇರ ಗಾಜಿಗೆ ತಗುಲಿತು. ಬದಲಿ ಹಲಗೆ ಇದ್ದದ್ದು ಬಾಸ್ಟನ್ ಗಾರ್ಡನ್‌ನಲ್ಲಿ, ಅಲ್ಲಿ ಆ ಸಂಜೆ ರೋಡಿಯೊ ನಡೆಯುತ್ತಿತ್ತು. ಗೂಳಿಗಳ ಹಿಂದಿನಿಂದ ಹಲಗೆ ಹೊರಡಿಸಿ ತರುವಷ್ಟು ಹೊತ್ತು ಜನ ಕಾದರು.

ಬೇಸ್‌ಬಾಲ್, ಬಾಸ್ಕೆಟ್‌ಬಾಲ್ ಎರಡರಲ್ಲೂ ಅತ್ಯುನ್ನತ ಮಟ್ಟದಲ್ಲಿ ಆಡಿದವರು ಇಡೀ ಇತಿಹಾಸದಲ್ಲಿ ಹದಿಮೂರು ಜನರಷ್ಟೇ. @ಹಳೇ ಪರದೆ, ಆ ಪಟ್ಟಿಯಲ್ಲಿ ಇರುವವನನ್ನು "ದಾಟಲಿಲ್ಲ" ಅಂದರೆ ನನಗೆ ಒಪ್ಪಲು ಕಷ್ಟ.

ಹಳೇ ಪರದೆ

ಲತಾ ಮೇಡಂ, ಎರಡು ಮನೆಯ ಹೊಸ್ತಿಲು ತುಳಿದದ್ದು ದೊಡ್ಡದೇ. ಒಳಗೆ ನೆಲೆ ನಿಲ್ಲಲಿಲ್ಲ ಅಂದೆ ಅಷ್ಟೆ.

ಫಸ್ಟ್‌ಬೇಸ್ ಶಿವಮೊಗ್ಗ

ಪರದೆಯವರೇ, .239 ನಾನೂ ಮುಚ್ಚಿಡುವುದಿಲ್ಲ. ಆದರೆ ಆ 66 ಪಂದ್ಯಗಳು ಯಾವಾಗ ಬಂದವು ನೋಡಿ. ಕಬ್ಸ್ ಆತನನ್ನು ಮೊದಲು ಇಟ್ಟುಕೊಳ್ಳಲೇ ಇಲ್ಲ. 1951ರ ಋತು ಶುರುವಾದಾಗ ತಮ್ಮ ಕೆಳಹಂತದ ತಂಡ ಲಾಸ್ ಏಂಜಲೀಸ್ ಏಂಜಲ್ಸ್‌ಗೆ ಕಳಿಸಿದರು. ಅಲ್ಲಿ 98 ಪಂದ್ಯ, ಸರಾಸರಿ .321, ಹೋಂ ರನ್ 22. ಅದನ್ನು ನೋಡಿ ಮಧ್ಯ ಋತುವಿನಲ್ಲಿ ಶಿಕಾಗೊಗೆ ಕರೆಸಿದರು, ಅಲ್ಲಿ ಆಡಿದ್ದು ನೀವು ಹೇಳಿದ ಲೆಕ್ಕ. ಮುಂದಿನ ವರ್ಷ ಮತ್ತೆ ಲಾಸ್ ಏಂಜಲೀಸ್.

ಈ ಲಾಸ್ ಏಂಜಲೀಸ್ ಏನು ಅಂತ ತಿಳಿಯದೆ ಈ ಕತೆ ಅರ್ಥವಾಗುವುದಿಲ್ಲ. ಈಗಿನ ಏಂಜಲ್ಸ್ ತಂಡ ಬೇರೆ, ಅದು ಹುಟ್ಟಿದ್ದು 1961ರಲ್ಲಿ. ಆಗ ಮೇಜರ್ ಲೀಗ್ ಅನ್ನುವುದು ಸೇಂಟ್ ಲೂಯಿಸ್‌ನಿಂದ ಪಶ್ಚಿಮಕ್ಕೆ ಇರಲೇ ಇಲ್ಲ. 1958ರಲ್ಲಿ ಡಾಡ್ಜರ್ಸ್ ಮತ್ತು ಜಯಂಟ್ಸ್ ಕ್ಯಾಲಿಫೋರ್ನಿಯಾಕ್ಕೆ ಬರುವ ತನಕ ಅಲ್ಲಿನ ಜನಕ್ಕೆ ಏಂಜಲ್ಸ್ ಆಡುತ್ತಿದ್ದ ಪೆಸಿಫಿಕ್ ಕೋಸ್ಟ್ ಲೀಗೇ ದೊಡ್ಡ ಬೇಸ್‌ಬಾಲ್. ಹಾಗಾಗಿ ಸಿನಿಮಾ ಮಂದಿ ಸಂಜೆ ಹೊತ್ತು ಆಟ ನೋಡಬೇಕೆಂದರೆ ಹೋಗುತ್ತಿದ್ದದ್ದು ಈ ಲೀಗಿನ ಮೈದಾನಗಳಿಗೆ. ಎದುರಾಳಿ ತಂಡದ ಹೆಸರೇ ಹಾಲಿವುಡ್ ಸ್ಟಾರ್ಸ್. ಅದರಲ್ಲಿ ಬಿಂಗ್ ಕ್ರಾಸ್ಬಿ, ಬಾರ್ಬರಾ ಸ್ಟಾನ್‌ವಿಕ್, ಸೆಸಿಲ್ ಬಿ. ಡಿಮಿಲ್ ಅಂಥವರು ಪಾಲು ಹಾಕಿದ್ದರು. ಏಂಜಲ್ಸ್ ಆಡುತ್ತಿದ್ದ ರಿಗ್ಲಿ ಫೀಲ್ಡ್ 1925ರದ್ದು, ಚೂಯಿಂಗ್ ಗಮ್ ರಿಗ್ಲಿ ಕುಟುಂಬದ್ದೇ. ಬೇಸ್‌ಬಾಲ್ ಚಿತ್ರ ತೆಗೆಯುವವರಿಗೆ ಆ ಮೈದಾನವೇ ಸೆಟ್ ಆಗಿತ್ತು.

ಅಂಥ ಮೈದಾನದಲ್ಲಿ ಕಾನರ್ಸ್ ಬರೀ ಆಡುತ್ತಿರಲಿಲ್ಲ. ಅಭಿನಯಿಸುತ್ತಿದ್ದ. ಡ್ರೆಸಿಂಗ್ ರೂಮಿನಲ್ಲೂ ಔತಣಗಳಲ್ಲೂ "ಕೇಸಿ ಅಟ್ ದ ಬ್ಯಾಟ್" ಎಂಬ ಹಳೆಯ ಬೇಸ್‌ಬಾಲ್ ಕವನವನ್ನು ಪೂರ್ತಿ ಹಾವಭಾವದೊಂದಿಗೆ ಹೇಳುವುದು ಆತನ ಖ್ಯಾತಿ. ಎಂಜಿಎಂ ಸ್ಟುಡಿಯೋದಲ್ಲಿ ಪಾತ್ರಗಳಿಗೆ ಜನ ಆರಿಸುವ ಅಧಿಕಾರಿ ಈ ತಂಡದ ಅಭಿಮಾನಿ, ಅವರ ಕಣ್ಣಿಗೆ ಬಿದ್ದ. 1952ರಲ್ಲಿ ಸ್ಪೆನ್ಸರ್ ಟ್ರೇಸಿ, ಕ್ಯಾಥರೀನ್ ಹೆಪ್‌ಬರ್ನ್ ಇದ್ದ "ಪ್ಯಾಟ್ ಅಂಡ್ ಮೈಕ್"ನಲ್ಲಿ ಪೊಲೀಸ್ ಕ್ಯಾಪ್ಟನ್ ಪಾತ್ರ. ಆ ವರ್ಷದ ಋತು ಮುಗಿದ ಮೇಲೆ ಬೇಸ್‌ಬಾಲ್ ಬಿಟ್ಟ.

ಕಬ್ಸ್‌ನ ಕೆಳತಂಡ ಬೇರೆ ಯಾವುದೋ ದೂರದ ಊರಿನಲ್ಲಿ ಇದ್ದಿದ್ದರೆ ಆ ಅಧಿಕಾರಿ ಆತನನ್ನು ನೋಡುತ್ತಲೇ ಇರಲಿಲ್ಲ. ನಾನು ಒತ್ತಿ ಹೇಳುತ್ತಿರುವುದು ಇದನ್ನೇ.

ಕುಡ್ಲದ ಮೋಹನ

ಮಾರಾಯ್ರೆ, ನೀವು ಆಟದಲ್ಲೇ ನಿಂತುಬಿಟ್ಟಿರಿ. ಆತನ ಕೆಲಸ ಮಾತಾಡುವುದು ಬೇಡವೇ? "ದ ರೈಫಲ್‌ಮ್ಯಾನ್" 1958ರಿಂದ 1963ರ ತನಕ, 168 ಕಂತು. ಲ್ಯೂಕಸ್ ಮೆಕೇನ್ ಎಂಬ ವಿಧುರ, ನ್ಯೂ ಮೆಕ್ಸಿಕೋದ ನಾರ್ತ್ ಫೋರ್ಕ್ ಎಂಬ ಊರಿನ ಹೊರಗೆ ದನ ಸಾಕಿಕೊಂಡು ಮಗನನ್ನು ಬೆಳೆಸುವವ. ಮಗ ಮಾರ್ಕ್ ಆಗಿ ಜಾನಿ ಕ್ರಾಫರ್ಡ್. ಒಂಟಿ ತಂದೆಯೊಬ್ಬ ಮಗುವನ್ನು ಸಾಕುವುದನ್ನು ಅಮೆರಿಕದ ಟಿವಿಯಲ್ಲಿ ಇಷ್ಟು ಕಾಳಜಿಯಿಂದ ತೋರಿಸಿದ್ದು ಆ ಕಾಲಕ್ಕೆ ವಿಶೇಷ.

ಆ ಬಂದೂಕಿನ ಬಗ್ಗೆ ಹೇಳಲೇಬೇಕು. ವಿಂಚೆಸ್ಟರ್ 1892. ಕತೆ ನಡೆಯುವುದು 1880ರ ದಶಕದಲ್ಲಿ, ಹಾಗಾಗಿ ಬಂದೂಕು ಕತೆಗಿಂತ ಚಿಕ್ಕ ಪ್ರಾಯದ್ದು, ಅದು ಬಿಡಿ. ಮಾಮೂಲಿ ವಿಂಚೆಸ್ಟರ್‌ನಲ್ಲಿ ಕೈಹಿಡಿಯ ಕೆಳಗೆ ಬೆರಳು ತೂರುವಷ್ಟು ಲಿವರ್ ಇರುತ್ತದೆ. ಒಂದು ಗುಂಡು ಹಾರಿದ ಮೇಲೆ ಲಿವರ್ ಕೆಳಗೆ ತಳ್ಳಿ ಮೇಲಕ್ಕೆ ಎಳೆದರೆ ಮುಂದಿನ ಗುಂಡು ಕೊಳವೆಗೆ ಬರುತ್ತದೆ, ಆಮೇಲೆ ಟ್ರಿಗರ್ ಒತ್ತಬೇಕು. ಇವನದ್ದರಲ್ಲಿ ಲಿವರ್ ದೊಡ್ಡ ಬಳೆಯಂತೆ, ಬಂದೂಕನ್ನೇ ಗಿರ್ರನೆ ಸುತ್ತಿಸಬಹುದಾದಷ್ಟು. ಲಿವರಿನ ಒಳಗೆ ಒಂದು ತಿರುಪು ಮೊಳೆ ಕೂರಿಸಿದ್ದಾರೆ. ಲಿವರ್ ಮೇಲಕ್ಕೆ ಬಂದು ಬಡಿಯುವಾಗ ಆ ಮೊಳೆಯ ತುದಿಯೇ ಟ್ರಿಗರನ್ನು ಒತ್ತುತ್ತದೆ. ಬೆರಳಿಗೆ ಕೆಲಸವಿಲ್ಲ. ಎಷ್ಟು ಬೇಗ ಲಿವರ್ ಆಡಿಸುತ್ತೀರೋ ಅಷ್ಟು ಬೇಗ ಗುಂಡು.

ಈಗ ಹೇಳಿ, ಅದನ್ನು ಆಡಿಸಲು ಎಂಥ ಮಣಿಕಟ್ಟು ಬೇಕು? ಆರೂವರೆ ಅಡಿಗೆ ಹತ್ತಿರದ ಆಳು, ಉದ್ದ ತೋಳು, ವರ್ಷಗಟ್ಟಲೆ ಬ್ಯಾಟ್ ಹಿಡಿದ ಕೈ. ಆತ ಕೈಯಲ್ಲಿ ಬಂದೂಕು ಹಿಡಿದು ನಡೆಯುವ ಚಂದವೇ ಬೇರೆ. ನಟನೆಯ ಶಾಲೆಗೆ ಹೋದವರಲ್ಲಿ ಅದು ಬರುವುದಿಲ್ಲ.

ಧಾರವಾಡದಾಂವ

ತಿರುಪು ಮೊಳಿ ಸಂಗತಿ ಮಸ್ತ್ ಐತ್ರಿ ಮೋಹನಣ್ಣ. ಇಂವಾ ಒಬ್ಬನ ಏನು, ಇನ್ನೂ ಯಾರರ ಅದಾರೇನು ಹಿಂಗ ಬೇಸ್‌ಬಾಲ್‌ದಿಂದ ಸಿನಿಮಾಕ್ಕ ಹೋದವರು? ನಮ್ಮ ಕಿರ್ಮಾನಿಯವರು 1985ರಾಗ ಸಂದೀಪ್ ಪಾಟೀಲ್ ಜೋಡಿ ಒಂದು ಹಿಂದಿ ಪಿಚ್ಚರ್‌ದಾಗ ಮಾಡಿದ್ರು, ಆದ್ರ ಅಲ್ಲಿಗೇ ನಿಂತ್ರು.

ರಂಗಪ್ಪ ಮೇಷ್ಟ್ರು

ಧಾರವಾಡದವರ ಪ್ರಶ್ನೆಗೆ ಉತ್ತರ ಬಹಳ ಹಿಂದಿನಿಂದಲೇ ಹೇಳಬೇಕಾಗುತ್ತದೆ. ಮೈಕ್ ಡಾನ್ಲಿನ್, 1878ರಲ್ಲಿ ಹುಟ್ಟಿದವರು. ನ್ಯೂಯಾರ್ಕ್ ಜಯಂಟ್ಸ್‌ನ ದೊಡ್ಡ ಬ್ಯಾಟುಗಾರ, ಜೀವಮಾನದ ಸರಾಸರಿ .333, 1905ರ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಅಂತಿಮ ಸರಣಿ) ಗೆದ್ದ ತಂಡದಲ್ಲಿದ್ದವರು. ಅವರ ಹೆಂಡತಿ ಮೇಬಲ್ ಹೈಟ್ ವಾಡ್ವಿಲ್ (ಹಾಡು, ಹಾಸ್ಯದ ತುಣುಕುಗಳ) ರಂಗಭೂಮಿಯ ನಟಿ. ತಂಡದ ಜತೆ ಸಂಬಳದ ತಕರಾರು ಬಂದಾಗ ಡಾನ್ಲಿನ್ ಆಟವನ್ನೇ ಬಿಟ್ಟು ಹೆಂಡತಿಯೊಂದಿಗೆ ವೇದಿಕೆ ಹತ್ತಿದರು. ಒಳ್ಳೆ ಫಾರ್ಮಿನಲ್ಲಿ ಇದ್ದಾಗಲೇ 1909 ಮತ್ತು 1910, ಎರಡು ಋತು ಆಡಲಿಲ್ಲ. 1912ರಲ್ಲಿ ಮೇಬಲ್ ತೀರಿಕೊಂಡರು. ಆಮೇಲೆ ಡಾನ್ಲಿನ್ ಹಾಲಿವುಡ್‌ಗೆ ಹೋಗಿ, ಗೆಳೆಯ ಜಾನ್ ಬ್ಯಾರಿಮೋರ್ ನೆರವಿನಿಂದ ಮೂಕಿ ಚಿತ್ರಗಳಲ್ಲಿ ಸಣ್ಣ ಪುಟ್ಟ ಪಾತ್ರ ಮಾಡಿದರು. ಬಸ್ಟರ್ ಕೀಟನ್‌ನ 1926ರ "ದ ಜನರಲ್"ನಲ್ಲಿ ಉತ್ತರದ ಸೇನಾಧಿಕಾರಿಯಾಗಿ ಕಾಣುವವರು ಇವರೇ. ಶಿವಮೊಗ್ಗದವರು ಹೇಳಿದ ಮಾತಿಗೆ ಇದು ನಲವತ್ತು ವರ್ಷ ಮೊದಲಿನ ಸಾಕ್ಷಿ. ಆಟಗಾರನ ಕೈಯಲ್ಲಿದ್ದದ್ದು ಬಿಡುವ ಹಕ್ಕು ಮಾತ್ರ, ಡಾನ್ಲಿನ್ ಅದನ್ನೇ ಚಲಾಯಿಸಿದರು. ಬಿಟ್ಟ ಮೇಲೆ ಹೊಟ್ಟೆಪಾಡಿಗೆ ರಂಗಭೂಮಿ ಇತ್ತು ಅನ್ನುವುದೇ ಅವರ ಧೈರ್ಯ.

ಇನ್ನೊಬ್ಬರು ಜಾನ್ ಬೆರಾಡಿನೊ. ಸೇಂಟ್ ಲೂಯಿಸ್ ಬ್ರೌನ್ಸ್‌ನಲ್ಲಿ ಇನ್‌ಫೀಲ್ಡರ್, 1948ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಕ್ಲೀವ್‌ಲ್ಯಾಂಡ್ ತಂಡದಲ್ಲಿದ್ದವರು. 1963ರ ಏಪ್ರಿಲ್ 1ರಂದು ಶುರುವಾದ "ಜನರಲ್ ಹಾಸ್ಪಿಟಲ್" ಧಾರಾವಾಹಿಯಲ್ಲಿ ಡಾ. ಸ್ಟೀವ್ ಹಾರ್ಡಿ. 1996ರಲ್ಲಿ ಸಾಯುವ ತನಕ ಅದೇ ಪಾತ್ರ. ಮೂವತ್ತಮೂರು ವರ್ಷ ಒಂದೇ ಬಿಳಿ ಕೋಟು! ಬೇಸ್‌ಬಾಲ್‌ನಲ್ಲಿ ಸಿಗದ ಸ್ಥಿರತೆ ಕ್ಯಾಮೆರಾ ಮುಂದೆ ಸಿಕ್ಕಿತು.

ಹಳೇ ಪರದೆ

ನನ್ನ ಮಟ್ಟಿಗೆ ಈ ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡವರು ಕ್ಯಾಮೆರಾ ಹಿಂದೆ ನಿಂತವರು: ರಾನ್ ಶೆಲ್ಟನ್. ಬಾಲ್ಟಿಮೋರ್ ಓರಿಯೋಲ್ಸ್‌ನ ಕೆಳತಂಡಗಳಲ್ಲಿ 1967ರಿಂದ 1971ರ ತನಕ ಆಡಿದವರು. ರಾಚೆಸ್ಟರ್ ತನಕ, ಅಂದರೆ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ ಬಂದು ನಿಂತರು. ಮೇಲಕ್ಕೆ ಕರೆ ಬರಲಿಲ್ಲ.

1988ರಲ್ಲಿ ತಾವೇ ಬರೆದು ನಿರ್ದೇಶಿಸಿದ ಮೊದಲ ಚಿತ್ರ "ಬುಲ್ ಡರ್ಹಮ್". ಅದಕ್ಕೆ ಮುಂಚಿನ ಬೇಸ್‌ಬಾಲ್ ಚಿತ್ರಗಳು ದೊಡ್ಡ ಆಟಗಾರನ ಬಾಳು ಇಲ್ಲವೇ ಕೊನೆಯ ಇನಿಂಗ್ಸ್‌ನ ಗೆಲುವು. ಶೆಲ್ಟನ್ ತೆಗೆದದ್ದು ಬಸ್ಸಿನಲ್ಲಿ ಊರೂರು ಸುತ್ತುವ, ವಯಸ್ಸು ಮೀರುತ್ತಿರುವ ಒಬ್ಬ ಕ್ಯಾಚರ್‌ನ (ನಮ್ಮ ವಿಕೆಟ್ ಕೀಪರ್ ಇದ್ದಂತೆ) ಕತೆಯನ್ನು. ತಂಡ ಅವನನ್ನು ಇಟ್ಟುಕೊಂಡಿರುವುದು ಅವನ ಆಟಕ್ಕಲ್ಲ, ತನಗಿಂತ ಕಿರಿಯ, ಬುದ್ಧಿಗೇಡಿ ಆದರೆ ದೇವರು ಕೊಟ್ಟ ತೋಳಿರುವ ಒಬ್ಬ ಪಿಚರ್‌ನನ್ನು (ಚೆಂಡು ಎಸೆಯುವವ, ನಮ್ಮ ಬೌಲರ್ ಇದ್ದಂತೆ) ತಿದ್ದಲು. ಪಿಚರ್ ಗುಡ್ಡೆಯ ಬಳಿ ಆಟಗಾರರು ಗುಂಪುಗೂಡಿ ಗಂಭೀರವಾಗಿ ಮಾತಾಡುತ್ತಾರಲ್ಲ, ಅಲ್ಲಿ ಏನು ಮಾತಾಡುತ್ತಾರೆ ಅಂತ ಪ್ರೇಕ್ಷಕನಿಗೆ ಯಾವತ್ತೂ ಕೇಳಿಸುವುದಿಲ್ಲ. ಆ ಚಿತ್ರದಲ್ಲಿ ಅವರು ಮಾತಾಡುವುದು ಗೆಳೆಯನ ಮದುವೆಗೆ ಏನು ಉಡುಗೊರೆ ಕೊಡುವುದು ಅಂತ. ಆ ಗುಡ್ಡೆಯ ಮೇಲೆ ನಿಂತವರಿಗೆ ಮಾತ್ರ ಬರೆಯಲು ಬರುವ ದೃಶ್ಯ ಅದು. ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

ನಾಯಕನ ಹೆಸರು ಕ್ರ್ಯಾಶ್ ಡೇವಿಸ್. ಅದು ನಿಜವಾದ ಆಟಗಾರನ ಹೆಸರು, 1948ರಲ್ಲಿ ಡರ್ಹಮ್ ತಂಡದಲ್ಲೇ ಆಡಿದವರು. ಹಳೆಯ ದಾಖಲೆ ಪುಸ್ತಕದಲ್ಲಿ ಶೆಲ್ಟನ್‌ಗೆ ಆ ಹೆಸರು ಸಿಕ್ಕಿತು, ಅವರ ಒಪ್ಪಿಗೆ ಪಡೆದು ಬಳಸಿದರು. ಮುಂದೆ ತಮ್ಮ 1994ರ "ಕಾಬ್" ಚಿತ್ರದಲ್ಲಿ ಅದೇ ನಿಜವಾದ ಡೇವಿಸ್‌ಗೆ ಒಂದು ಸಣ್ಣ ಪಾತ್ರವನ್ನೂ ಕೊಟ್ಟರು. ಈ ಒಂದು ವಿಷಯಕ್ಕೆ ಶೆಲ್ಟನ್ ಮೇಲೆ ನನಗೆ ತುಂಬ ಪ್ರೀತಿ.

ಕುಡ್ಲದ ಮೋಹನ

ಕರ್ಟ್ ರಸೆಲ್‌ನನ್ನು ಬಿಡಬೇಡಿ. ಬಾಲನಟನಾಗಿ ಹೆಸರು ಮಾಡಿದ ಮೇಲೆ ಬೇಸ್‌ಬಾಲ್‌ಗೆ ಹೋದವ, ದಾರಿ ಉಲ್ಟಾ. 1973ರಲ್ಲಿ ಭುಜದ ಪೆಟ್ಟು ಆಗದಿದ್ದರೆ ಏನಾಗುತ್ತಿತ್ತೋ. ಅವನ ಅಪ್ಪ ಬಿಂಗ್ ರಸೆಲ್ ನಟನೂ ಹೌದು, ಪೋರ್ಟ್‌ಲ್ಯಾಂಡ್ ಮಾವೆರಿಕ್ಸ್ ಎಂಬ ತಂಡದ ಮಾಲೀಕನೂ ಹೌದು. ಯಾವ ದೊಡ್ಡ ತಂಡಕ್ಕೂ ಅಡಿಯಾಳಲ್ಲದ ಸ್ವತಂತ್ರ ತಂಡ ಅದು, ಬೇರೆಯವರು ಬೇಡ ಅಂದ ಆಟಗಾರರನ್ನು ಕರೆದು ಆಡಿಸಿದ್ದು.

ಲತಾ, ನ್ಯೂಜೆರ್ಸಿ

ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ. ಇದೇ ಸಾಲಿನಲ್ಲಿ ಬರಬೇಕಾದ ಇನ್ನೊಂದು ಹೆಸರು ನನ್ನ ಮನಸ್ಸಿನಲ್ಲಿ ಇದೆ, ಜಿಮ್ ಥಾರ್ಪ್. ಅಮೆರಿಕದ ಮೂಲನಿವಾಸಿ, ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನವರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ. 1909, 1910ರಲ್ಲಿ ಮೈನರ್ ಲೀಗ್ ಬೇಸ್‌ಬಾಲ್‌ನಲ್ಲಿ ಅಲ್ಪ ಹಣ ಪಡೆದು ಆಡಿದ್ದ ಕಾರಣಕ್ಕೆ ಆ ಪದಕಗಳನ್ನು ಕಸಿದುಕೊಂಡರು. ಆಮೇಲೆ 1913ರಿಂದ 1919ರ ತನಕ ಮೇಜರ್ ಲೀಗ್ ಆಡಿದರು.

1930ರ ದಶಕದಲ್ಲಿ ಅವರೂ ಹಾಲಿವುಡ್‌ನಲ್ಲಿ ಇದ್ದರು. ಜಗತ್ತಿನ ಶ್ರೇಷ್ಠ ಕ್ರೀಡಾಪಟು ಅನ್ನಿಸಿಕೊಂಡ ಮನುಷ್ಯನಿಗೆ ಸಿಕ್ಕಿದ್ದು ಎಕ್ಸ್‌ಟ್ರಾ ಪಾತ್ರ, ಗರಿಮುಡಿ ಹಾಕಿಕೊಂಡು ಬುಡಕಟ್ಟು ಮುಖಂಡನಾಗಿ ಹಿಂದೆ ನಿಲ್ಲುವುದು. ಮೂಲನಿವಾಸಿ ಪಾತ್ರಕ್ಕೆ ಬಣ್ಣ ಬಳಿದ ಬಿಳಿಯರನ್ನು ಹಾಕಬೇಡಿ, ನಮ್ಮವರಿಗೆ ಕೆಲಸ ಕೊಡಿ ಅಂತ ಸ್ಟುಡಿಯೋಗಳ ಜತೆ ಹೋರಾಡಿದರು. 1953ರಲ್ಲಿ ತೀರಿಕೊಂಡರು, ಕೈಯಲ್ಲಿ ಕಾಸಿರಲಿಲ್ಲ. ಪದಕಗಳ ವಿಷಯದಲ್ಲಿ ಪೂರ್ತಿ ನ್ಯಾಯ ಸಿಕ್ಕಿದ್ದು 2022ರಲ್ಲಿ, ಆಗ ಅವರೊಬ್ಬರೇ ವಿಜೇತರು ಅಂತ ಒಲಿಂಪಿಕ್ ಸಮಿತಿ ಘೋಷಿಸಿತು.

ಈಗ ಚಕ್ ಕಾನರ್ಸ್ ಕಡೆ ಬನ್ನಿ. 1962ರಲ್ಲಿ "ಜೆರಾನಿಮೊ" ಚಿತ್ರ. ಅಪಾಚೆ ಜನಾಂಗದ ವೀರನ ಪಾತ್ರದಲ್ಲಿ ನೀಲಿ ಕಣ್ಣಿನ ಕಾನರ್ಸ್. ಥಾರ್ಪ್ ಬೇಡ ಅಂತ ಗೋಗರೆದದ್ದೇ ಇದನ್ನು. ಊರು ಸರಿಯಿದ್ದರೆ ಆಟಗಾರನಿಗೆ ಸಿನಿಮಾ ಬಾಗಿಲು ತೆರೆಯುತ್ತದೆ ಅನ್ನುತ್ತೀರಿ, ಸರಿ. ಥಾರ್ಪ್ ಕೂಡ ಅದೇ ಊರಿನಲ್ಲಿ ಇದ್ದರಲ್ಲ, ಅವರಿಗೆ ಯಾಕೆ ತೆರೆಯಲಿಲ್ಲ?

ಫಸ್ಟ್‌ಬೇಸ್ ಶಿವಮೊಗ್ಗ

ಲತಾ ಅವರೇ, ನಿಮ್ಮ ಪ್ರಶ್ನೆಯಿಂದ ನನ್ನ ವಾದಕ್ಕೆ ಒಂದು ಗಡಿ ಬಿತ್ತು, ಬೀಳಲೇಬೇಕಿತ್ತು. ಲಾಸ್ ಏಂಜಲೀಸ್‌ನಲ್ಲಿ ಇದ್ದರೆ ಸಾಲದು, ಆ ಅಧಿಕಾರಿಯ ಕಣ್ಣಿಗೆ ನಾಯಕನಂತೆ ಕಾಣುವ ಮುಖವೂ ಬೇಕಿತ್ತು, ಮತ್ತು ಆ ಕಾಲದಲ್ಲಿ ಅಂಥ ಮುಖ ಬಿಳಿಯದೇ ಆಗಿರಬೇಕಿತ್ತು. ಕಾನರ್ಸ್ ಆಡಿದ ಮಾಂಟ್ರಿಯಲ್ ತಂಡದಲ್ಲೇ ಆತನಿಗಿಂತ ಮೊದಲು, 1946ರಲ್ಲಿ, ಕಪ್ಪು ಜನಾಂಗದ ಜಾಕಿ ರಾಬಿನ್ಸನ್ ಆಡಿದ್ದರು. ಆಟ ಆ ಗೋಡೆ ಒಡೆಯಲು ಶುರು ಮಾಡಿತ್ತು, ಸಿನಿಮಾ ಇನ್ನೂ ಮಾಡಿರಲಿಲ್ಲ. "ಜೆರಾನಿಮೊ" ಪಾತ್ರವನ್ನು ನಾನು ಸಮರ್ಥಿಸುವುದಿಲ್ಲ. ಹದಿನೈದು ವರ್ಷ ಕಳೆದು 1977ರ "ರೂಟ್ಸ್" ಟಿವಿ ಧಾರಾವಾಹಿಯಲ್ಲಿ ಆತ ಮಾಡಿದ ಕ್ರೂರ ಗುಲಾಮರ ಒಡೆಯನ ಪಾತ್ರ ಆ ಕಾಲದ ಬಿಳಿಯ ಅಧಿಕಾರದ ನಿಜವಾದ ಮುಖವನ್ನು ತೋರಿಸಿತು, ಎಮಿ ನಾಮನಿರ್ದೇಶನ ತಂದುಕೊಟ್ಟಿತು. ಮನೆಮನೆಯ ಒಳ್ಳೆ ಅಪ್ಪ ಅನ್ನಿಸಿಕೊಂಡ ನಟ ಅಂಥ ಪಾತ್ರ ಒಪ್ಪಿದ್ದು ಸಣ್ಣ ಸಂಗತಿಯಲ್ಲ.

ರಂಗಪ್ಪ ಮೇಷ್ಟ್ರು

ಲತಮ್ಮ ಹೇಳಿದ್ದು ಈ ಚರ್ಚೆಗೆ ಬೇಕೇ ಬೇಕಿತ್ತು.

ಕಾನರ್ಸ್ ಜನಪ್ರಿಯತೆ ಎಲ್ಲಿಗೆ ಮುಟ್ಟಿತ್ತು ಅನ್ನುವುದಕ್ಕೆ ಒಂದು ಘಟನೆ. 1973ರ ಜೂನ್‌ನಲ್ಲಿ ಸೋವಿಯತ್ ನಾಯಕ ಬ್ರೆಜ್ನೆವ್ ಕ್ಯಾಲಿಫೋರ್ನಿಯಾದ ಸಾನ್ ಕ್ಲೆಮೆಂಟೆಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಮನೆಗೆ ಬಂದಿದ್ದರು. ಅವರು ವೆಸ್ಟರ್ನ್‌ಗಳ ಭಾರಿ ಅಭಿಮಾನಿ. ಕಾನರ್ಸ್ ಅವರಿಗೆ ಎರಡು ಕೋಲ್ಟ್ ಪಿಸ್ತೂಲು ಕಾಣಿಕೆ ಕೊಟ್ಟ. ಊರಿಗೆ ಹೊರಟಾಗ ವಿಮಾನದ ಹತ್ತಿರ ನೆರೆದವರ ನಡುವೆ ಕಾನರ್ಸ್ ಕಂಡದ್ದೇ ಬ್ರೆಜ್ನೆವ್ ತೋಳು ಚಾಚಿ ಬಂದರು, ಈತ ಅವರನ್ನು ಅನಾಮತ್ತಾಗಿ ಮೇಲಕ್ಕೆ ಎತ್ತಿಬಿಟ್ಟ. ಆ ಫೋಟೋ ಲೋಕಪ್ರಸಿದ್ಧ. ಅದೇ ವರ್ಷದ ಕೊನೆಗೆ ಆತ ಸೋವಿಯತ್ ದೇಶಕ್ಕೂ ಹೋಗಿ ಬಂದ.

ಧಾರವಾಡದಾಂವ

ಒಂದು ಉಳೀತ್ರಿ. ಆ ರಿಸರ್ವ್ ಕ್ಲಾಜ್ ಅನ್ನೂದು ಮುಂದ ಏನಾತು? ಈಗ ಕೋಟಿಗಟ್ಟಲೆ ತಗೋತಾರಲ್ಲ ಆಟಗಾರರು.

ಫಸ್ಟ್‌ಬೇಸ್ ಶಿವಮೊಗ್ಗ

ಅದು ಮುರಿದದ್ದು 1975ರ ಡಿಸೆಂಬರ್‌ನಲ್ಲಿ. ಆ್ಯಂಡಿ ಮೆಸರ್‌ಸ್ಮಿತ್, ಡೇವ್ ಮ್ಯಾಕ್‌ನಾಲಿ ಎಂಬ ಇಬ್ಬರು ಪಿಚರ್‌ಗಳು ಹೊಸ ಕರಾರಿಗೆ ಸಹಿ ಹಾಕದೆ ಆ ಋತುವನ್ನು ಎದುರಿಸಿದರು. ಉಳಿಸಿಕೊಳ್ಳುವ ಹಕ್ಕು ಒಂದೇ ವರ್ಷಕ್ಕೆ, ಆಜೀವ ಅಲ್ಲ ಅಂತ ಮಧ್ಯಸ್ಥಗಾರ ಪೀಟರ್ ಸೈಟ್ಸ್ ತೀರ್ಪು ಕೊಟ್ಟರು. ಅಲ್ಲಿಂದ ಆಟಗಾರ ತನ್ನ ಮಾಲೀಕನನ್ನು ಆರಿಸುವಂತಾಯಿತು.

ಅದಕ್ಕೆ ಒಂಬತ್ತು ವರ್ಷ ಮೊದಲು ಒಂದು ದೊಡ್ಡ ಅಲುಗಾಟ ಆಗಿತ್ತು, ಕಾನರ್ಸ್ ಅದರಲ್ಲಿ ಇದ್ದ. 1966. ಡಾಡ್ಜರ್ಸ್ ಆಗ ಲಾಸ್ ಏಂಜಲೀಸ್‌ನಲ್ಲಿತ್ತು. ತಂಡದ ಇಬ್ಬರು ಮಹಾನ್ ಪಿಚರ್‌ಗಳು, ಸ್ಯಾಂಡಿ ಕೋಫ್ಯಾಕ್ಸ್ ಮತ್ತು ಡಾನ್ ಡ್ರೈಸ್‌ಡೇಲ್, ಜತೆಯಾಗಿ ಸಂಬಳದ ಚೌಕಾಶಿಗೆ ಇಳಿದರು. ಇಬ್ಬರೂ ಸೇರಿ ಕೇಳುತ್ತೇವೆ, ಒಬ್ಬನಿಗೆ ಕೊಟ್ಟು ಇನ್ನೊಬ್ಬನನ್ನು ಬಗ್ಗಿಸಲು ಬಿಡುವುದಿಲ್ಲ ಅಂದರು. ಆ ತನಕ ಒಬ್ಬೊಬ್ಬನನ್ನೇ ಕೋಣೆಗೆ ಕರೆದು ಒಪ್ಪಿಸುತ್ತಿದ್ದ ವ್ಯವಸ್ಥಾಪಕರಿಗೆ ಇದು ಹೊಸದು. ತರಬೇತಿ ಶಿಬಿರ ಶುರುವಾದರೂ ಇಬ್ಬರೂ ಹೋಗಲಿಲ್ಲ. ಬೇರೆ ತಂಡಕ್ಕೆ ಹೋಗುವಂತಿಲ್ಲ, ಆದರೆ ಆಟ ಬಿಟ್ಟು ಬದುಕಬಲ್ಲೆವು ಅಂತ ತೋರಿಸಬೇಕಲ್ಲ? ಒಂದು ಸಿನಿಮಾದಲ್ಲಿ ನಟಿಸಲು ಒಪ್ಪಂದ ಮಾಡಿಕೊಂಡರು. ಮೇಷ್ಟ್ರು ಹೇಳಿದ ಡಾನ್ಲಿನ್‌ನ ಅದೇ ದಾರಿ.

ಎರಡೂ ಕಡೆ ಮಾತು ನಿಂತಿತು. ಆಗ ಆಟಗಾರರಿಗೂ ಬೇಕಾದವನಾಗಿ, ಡಾಡ್ಜರ್ಸ್ ವ್ಯವಸ್ಥಾಪಕ ಬಜಿ ಬವಾಸಿಗೂ ಗೊತ್ತಿದ್ದವನಾಗಿ ನಡುವೆ ನಿಂತು ಮಾತು ಮತ್ತೆ ಹತ್ತಿಸಿದವನು ಚಕ್ ಕಾನರ್ಸ್. ಮಾರ್ಚ್ ಕೊನೆಗೆ ಇತ್ಯರ್ಥವಾಯಿತು. ಕೋಫ್ಯಾಕ್ಸ್‌ಗೆ 1,25,000 ಡಾಲರ್, ಡ್ರೈಸ್‌ಡೇಲ್‌ಗೆ 1,10,000. ಕಾನರ್ಸ್ ಆಡುತ್ತಿದ್ದ ದಿನಗಳಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 5,000 ಡಾಲರ್.

ತನ್ನನ್ನು ಒಂದೇ ಒಂದು ಸಲ ಬ್ಯಾಟ್ ಹಿಡಿಯಲು ಕಳಿಸಿ, ಆಮೇಲೆ ಕೊಟ್ಟುಬಿಟ್ಟ ತಂಡ ಅದು. ಹದಿನೇಳು ವರ್ಷದ ಮೇಲೆ ಅದೇ ತಂಡದ ಇಬ್ಬರು ದೊಡ್ಡ ಆಟಗಾರರ ಪರವಾಗಿ ಫೋನು ಹಚ್ಚಲು ಆತನಿಗೆ ಆಗಿದ್ದು ನಟನಾಗಿದ್ದರಿಂದ.

ಹಳೇ ಪರದೆ

ಶಿವಮೊಗ್ಗದವರೇ, .239 ವಿಷಯದಲ್ಲಿ ನನ್ನ ಮಾತು ನನ್ನದೇ. ಆದರೆ 1966ರ ಈ ಭಾಗ ಕಾನರ್ಸ್ ಬಗ್ಗೆ ಬರೆಯುವವರು ಮೊದಲ ಪ್ಯಾರಾದಲ್ಲೇ ಬರೆಯಬೇಕು. ರಾನ್ ಶೆಲ್ಟನ್ ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತಿದ್ದೇನೆ, ಅವರ ಬಾಸ್ಕೆಟ್‌ಬಾಲ್ ಚಿತ್ರವನ್ನೂ ಸೇರಿಸಿ. ಧಾರವಾಡದವರು ಅಲ್ಲಿಗೂ ಪ್ರಶ್ನೆ ತನ್ನಿ.

ಧಾರವಾಡದಾಂವ

ಬರ್ತೀನ್ರಿ. ಅದಕ್ಕ ಮುಂಚೆ ರೈಫಲ್‌ಮ್ಯಾನ್ ಮೊದಲನೇ ಕಂತು ನೋಡಿ ಬರ್ತೀನಿ, ಆ ತಿರುಪು ಮೊಳಿ ಕಾಣಸ್ತದೇನು ನೋಡಬೇಕು.